ಮೂವತ್ತು ಸೆಕೆಂಡಿನ ಅಳು

ಕಾಲ ಕೆಳಗೆ ಮಂಜುಗಡ್ಡೆ ಲಟಕ್ ಎಂದಿತು.

ನಾನು ನಿಂತೆ. ಮುಂದೆ ಓಡುತ್ತಿದ್ದವನು ನಿಲ್ಲಲಿಲ್ಲ.

ಅವನ ಕೈಯಲ್ಲಿ ಫೋನ್ ಇತ್ತು. ನನಗೆ ಬೇಕಾಗಿದ್ದುದು ಅದು. ಅವನಲ್ಲ.

“ದಿವಾಕರ್, ಆ ಕಡೆ ಹೋಗ್ಬೇಡಿ. ಜೊಂಡು ಇರೋ ಕಡೆ ಐಸ್ ತೆಳು ಇರುತ್ತೆ.”

ಅವನು ತಿರುಗಿ ನೋಡಿದ. ಮಾಸ್ಕ್ ಗಲ್ಲಕ್ಕೆ ಜಾರಿತ್ತು. ಬಾಯಿಂದ ಹೊಗೆಯಂತೆ ಉಸಿರು.

“ಹತ್ರ ಬಂದ್ರೆ ಡಿಲೀಟ್ ಮಾಡ್ತೀನಿ ಮೇಡಂ. ನಿಮ್ಮ ಕಣ್ಣೆದುರೇ ಮಾಡ್ತೀನಿ.”

ಫೋನ್ ತೆರೆದಿತ್ತು. ಹೆಬ್ಬೆರಳು ಪರದೆಯ ಮೇಲಿತ್ತು.

ಅದು ಹಾಲೆಂಡಿನ ಆಮ್ಸ್ಟೆಲ್‌ವೀನ್ ಊರಿನ ಅಂಚಿನ ಕೆರೆ. ವರ್ಷಗಳ ನಂತರ ಹೆಪ್ಪುಗಟ್ಟಿತ್ತು. ಚಳಿಗಾಲವಿಡೀ ಮನೆಯೊಳಗೆ ಕೂತು ಸಾಕಾಗಿದ್ದ ಜನ ಅದರ ಮೇಲೆ ಇಳಿದಿದ್ದರು. ದೂರದಲ್ಲಿ ಡಚ್ ಮಕ್ಕಳು ಅಡುಗೆಮನೆಯ ಕುರ್ಚಿ ತಳ್ಳುತ್ತ ಸ್ಕೇಟಿಂಗ್ ಕಲಿಯುತ್ತಿದ್ದರು. ಯಾರೋ ನಗುತ್ತಿದ್ದರು. ಹಗಲು ಬೆಳ್ಳಗೆ ಬೆಳಗುತ್ತಿತ್ತು.

ಅಲ್ಲಿಂದ ಸೈಕಲ್ಲಿನಲ್ಲಿ ಸ್ವಲ್ಪವೇ ದೂರ, ಒಂದು ಫ್ಲಾಟಿನ ಒಳಕೋಣೆಯಲ್ಲಿ, ಒಬ್ಬ ಹಿರಿಯರು ಬಾಗಿಲಿಗೆ ಕೀಲಿ ಹಾಕಿಕೊಂಡು ಉಸಿರಿಗೆ ಒದ್ದಾಡುತ್ತಿದ್ದರು. ಹೊರಗೆ ಬಂದರೆ ಉಳಿಯಬಹುದಿತ್ತು. ಅವರು ಬರಲೊಲ್ಲರು.

ಅವರನ್ನು ಹೊರಗೆ ತರಬಲ್ಲ ದನಿಯೊಂದೇ. ಅದು ಯಾರದೆಂದು ಗೊತ್ತಿದ್ದುದು ಆ ಫೋನಿಗೆ ಮಾತ್ರ.

ಬೆಳಿಗ್ಗೆಯಿಂದ ಹೇಳುತ್ತೇನೆ. ಇಲ್ಲದಿದ್ದರೆ ನಿಮಗೆ ಅರ್ಥವಾಗುವುದಿಲ್ಲ.

ನನ್ನ ಹೆಸರು ನಿಹಾರಿಕಾ. ಸುದ್ದಿಯ ಹುಟ್ಟೂರು ಹುಡುಕುವುದು ನನ್ನ ಕೆಲಸ. ಒಂದು ಮಾತು ಜನರ ನಡುವೆ ಹೇಗೆ ಹರಡುತ್ತದೆ ಎಂಬುದರ ಮೇಲೆ ಡೆಲ್ಫ್ಟ್‌ನಲ್ಲಿ ಪಿಎಚ್‌ಡಿ ಮಾಡಿದ್ದೇನೆ. ಗ್ರಾಫ್ ಇತ್ತು, ಸಮೀಕರಣ ಇತ್ತು, ಚಪ್ಪಾಳೆಯೂ ಇತ್ತು. ನನ್ನ ಗಂಡ ಸಾಯುವಾಗ ಅದು ಯಾವುದೂ ಕೆಲಸಕ್ಕೆ ಬರಲಿಲ್ಲ.

ಈಗ ಜನ ಫೋನ್ ಮಾಡುತ್ತಾರೆ. ಅಮ್ಮ ಇಡೀ ದಿನ ಕರ್ಪೂರ ಮೂಸುತ್ತಾರಂತೆ. ಮಾವ ಮಾಸ್ಕ್ ಬಿಸಾಡಿದರಂತೆ. ಯಾವುದೋ ಫಾರ್ವರ್ಡ್ ನೋಡಿ ತಮ್ಮ ಲಸಿಕೆ ಬೇಡ ಅಂತಾನಂತೆ. ಮೂಲ ಎಲ್ಲಿದೆ ಹುಡುಕಿಕೊಡು.

ಹುಡುಕಿಕೊಡುತ್ತೇನೆ.

ಅದಕ್ಕೆ ಯಂತ್ರವಿಲ್ಲ. ಫಾರ್ವರ್ಡ್‌ಗೆ ಹೆಸರಿಲ್ಲ, ವಿಳಾಸವಿಲ್ಲ. ಒಬ್ಬೊಬ್ಬರನ್ನೇ ಹಿಡಿದು “ನಿಮಗೆ ಯಾರು ಕಳಿಸಿದ್ರು?” ಎಂದು ಕೇಳಬೇಕು. ಅವರಿಗೆ ಕಳಿಸಿದವರನ್ನು ಮತ್ತೆ ಕೇಳಬೇಕು. ಮೆಟ್ಟಿಲು ಹತ್ತಿದ ಹಾಗೆ. ನಮ್ಮ ಜನ ಬ್ಯಾಂಕಿನ ಪಿನ್ ಬೇಕಾದರೂ ಹೇಳಿಯಾರು, ಇದನ್ನು ಹೇಳುವುದಿಲ್ಲ.

ಅಂದು ಫೋನ್ ಮಾಡಿದವಳು ಸ್ಪಂದನಾ. ನನ್ನ ಗೆಳತಿ. ಬಾಗಲಕೋಟೆಯವಳು, ಇಲ್ಲಿ ಬ್ಯಾಂಕೊಂದರ ಐಟಿಯಲ್ಲಿದ್ದಾಳೆ. ಅವಳ ಅಪ್ಪ ಬಸವಂತಪ್ಪ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರಾಗಿದ್ದವರು. ಮಗಳನ್ನು ನೋಡಲು ಬಂದವರು ಕೊರೋನಾದಿಂದ ವಿಮಾನ ನಿಂತು ಇಲ್ಲೇ ಉಳಿದಿದ್ದರು. ಮೊದಲು ಕೆಮ್ಮು ಸ್ಪಂದನಾಳಿಗೆ ಬಂತು, ಹೋಯಿತು. ಆಮೇಲೆ ಅವರಿಗೆ ಬಂತು, ಹೋಗಲಿಲ್ಲ.

ಅವಳ ದನಿ ಒಡೆದಿತ್ತು. ಬೆಳಿಗ್ಗೆ ಆಕ್ಸಿಮೀಟರ್ ಎಂಬತ್ತೆಂಟು ತೋರಿಸಿತಂತೆ. ಫೋನಿನಲ್ಲಿ ಕೇಳಿದ ಡಾಕ್ಟರು ತಕ್ಷಣ ಆಂಬುಲೆನ್ಸ್ ಎಂದರಂತೆ. ಆ ಮಾತು ಕಿವಿಗೆ ಬಿದ್ದದ್ದೇ ಅಪ್ಪ ಎದ್ದು ಕೋಣೆಯ ಕೀಲಿ ತಿರುಗಿಸಿಕೊಂಡರಂತೆ.

“ಯಾಕೆ?” ಎಂದೆ.

“ಅದೇ ಆಡಿಯೋ, ನಿಹಾ...”

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ.

ಆ ಆಡಿಯೋ ನನಗೆ ಬಾಯಿಪಾಠ. ಮೂವತ್ತು ಸೆಕೆಂಡು. ಒಬ್ಬ ಹೆಂಗಸಿನ ಅಳು. ‘ಅಪ್ಪನ ಮುಖಕ್ಕೇ ಕೇಳಿದ್ರು ಕಣೇ, ನಿಮ್ಮ ಹಾರ್ಟ್ ನಿಂತ್ರೆ ಮತ್ತೆ ಶುರು ಮಾಡ್ಬೇಕಾ, ಬಿಟ್ಬಿಡ್ಬೇಕಾ ಅಂತ... ಮೆಷಿನ್ ಬೇಕಾ ಬೇಡ್ವಾ ಅಂತ... ಯಾರಾದ್ರೂ ಹೀಗೆ ಕೇಳ್ತಾರೇನೇ? ನಾವು ಹೊರಗಿನವರು ಅಂತ ತಾನೇ? ಆಸ್ಪತ್ರೆಗೆ ಕರ್ಕೊಂಡು ಬಂದಿದ್ದೇ ತಪ್ಪಾಯ್ತು ಕಣೇ.’

ಅಷ್ಟೇ. ಹಿನ್ನೆಲೆಗೆ ಒಂದು ದೀಪದ ಚಿತ್ರ.

ಪ್ರಶ್ನೆ ನಿಜ. ಈ ದೇಶದ ಆಸ್ಪತ್ರೆಯಲ್ಲಿ ಮಲಗಲು ಹೋದವರನ್ನೆಲ್ಲ ಕೇಳುತ್ತಾರೆ. ಮಂಡಿ ಆಪರೇಷನ್ನಿಗೆ ಹೋದವರನ್ನೂ ಕೇಳುತ್ತಾರೆ. ಊಟಕ್ಕೆ ಏನು ಬೇಕು ಎಂದು ಕೇಳುವ ದನಿಯಲ್ಲೇ ಕೇಳುತ್ತಾರೆ. ನಮ್ಮ ಕಡೆ ಹಾಗಲ್ಲ. ನಮ್ಮಲ್ಲಿ ಡಾಕ್ಟರು ಮಗನನ್ನು ಹೊರಗೆ ಕರೆದು, ಹೆಗಲ ಮೇಲೆ ಕೈಯಿಟ್ಟು, ತಗ್ಗಿದ ದನಿಯಲ್ಲಿ ಮಾತಾಡುತ್ತಾರೆ. ರೋಗಿಯ ಮುಖಕ್ಕೆ ಸಾವಿನ ಮಾತು ಆಡುವುದಿಲ್ಲ. ಆಡಿದರೆಂದರೆ ಕೈಬಿಟ್ಟರು ಎಂದೇ ಲೆಕ್ಕ.

ಆ ಮೂವತ್ತು ಸೆಕೆಂಡು ಊರಿಂದೂರಿಗೆ ಹೋಯಿತು. ಹೋಗುತ್ತ ಬಾಲ ಬೆಳೆಸಿಕೊಂಡಿತು. ವಾಸದ ಪರ್ಮಿಟ್ ಮೇಲಿರುವ ಹೊರಗಿನವರನ್ನು ಮಾತ್ರ ಕೇಳುತ್ತಾರೆ. ತಪ್ಪು ಉತ್ತರ ಕೊಟ್ಟರೆ ಸೂಜಿ ಚುಚ್ಚುತ್ತಾರೆ. ಬೆಡ್ಡು ಡಚ್ಚರಿಗೆ ಉಳಿಸುತ್ತಾರೆ.

ನನ್ನ ಗಂಡ ಆಕರ್ಷ್ ಡೇಟಾ ಎಂಜಿನಿಯರ್ ಆಗಿದ್ದ. ಯಾವ ಅಂಕಿ ನಂಬಬೇಕು, ಯಾವುದು ನಂಬಬಾರದು ಎಂದು ಹೇಳುವುದೇ ಅವನ ಸಂಬಳದ ಕೆಲಸ. ಹಿಂದಿನ ನವೆಂಬರಿನಲ್ಲಿ ಜ್ವರ ಬಂತು. ಇಲ್ಲಿನ ಡಾಕ್ಟರು ಏನೇ ಆದರೂ ಪ್ಯಾರಾಸಿಟಮಾಲ್ ಅನ್ನುತ್ತಾರೆ ಎಂಬುದು ನಮ್ಮವರ ಪಾರ್ಟಿಗಳ ಹಳೇ ಜೋಕು. ಆ ಜೋಕು ನಗಿಸುತ್ತ ನಗಿಸುತ್ತ ನಂಬಿಕೆಯ ಬೇರು ತಿಂದುಹಾಕಿತ್ತು. ಆಮೇಲೆ ಯಾರೋ ಆಡಿಯೋ ಕಳಿಸಿದರು. ಆಕರ್ಷ್ ಅದನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮತ್ತೆ ಮತ್ತೆ ಕೇಳಿದ. ನಾನು ವಾದ ಮಾಡಿದೆ. ಅಂಕಿ ತೋರಿಸಿದೆ. ಇನ್ನೊಂದು ದಿನ ನೋಡೋಣ ಅಂದ. ಮರುದಿನವೂ ಅದನ್ನೇ ಅಂದ.

ಪ್ರಧಾನಿಯ ಪತ್ರಿಕಾಗೋಷ್ಠಿ ಡಚ್ಚಿನಲ್ಲಿತ್ತು. ಆಸ್ಪತ್ರೆಯ ವೆಬ್‌ಸೈಟ್ ಇಂಗ್ಲಿಷಿನಲ್ಲಿತ್ತು. ಅಳು ಕನ್ನಡದಲ್ಲಿತ್ತು.

ಜ್ವರ ಬಂದ ಮನುಷ್ಯ ಯಾವುದನ್ನು ಕೇಳುತ್ತಾನೆ? ನೀವೇ ಹೇಳಿ.

ಸ್ಪಂದನಾಳ ಫ್ಲಾಟಿಗೆ ಹೋದೆ. ಎರಡು ಮಾಸ್ಕ್ ಏರಿಸಿ ಕೋಣೆಯ ಬಾಗಿಲ ಮುಂದೆ ನೆಲಕ್ಕೆ ಕೂತೆ. ಬಾಗಿಲು ಒಡೆಯಬಹುದಿತ್ತು. ಉಪಯೋಗವಿರಲಿಲ್ಲ. ಎಚ್ಚರವಿರುವ ಮನುಷ್ಯ ಬೇಡ ಎಂದರೆ ಇಲ್ಲಿನ ಆಂಬುಲೆನ್ಸ್ ಅವನನ್ನು ಎತ್ತಿಕೊಂಡು ಹೋಗುವುದಿಲ್ಲ.

ತಟ್ಟಿದೆ. ಒಳಗಿಂದ ಸೀಳು ಉಸಿರು ಕೇಳಿತು.

“ಯಾರದು?”

“ನಾನು ಕಾಕಾ, ನಿಹಾರಿಕಾ.”

“ಗಂಡನ್ನ ಕಳ್ಕೊಂಡಾಕಿ ಹೌದಿಲ್ಲೋ?”

“ಹೂಂ.”

“ದವಾಖಾನಿಗೆ ಕರ್ಕೊಂಡ್ ಹೋಗಿದ್ದಿ?”

“ಹೋಗಿದ್ದೆ.”

“ಬಂದನೇನು?”

ಸ್ಪಂದನಾ ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ಬಾಗಿಲಿನ ಬಣ್ಣ ನೋಡುತ್ತ ಕೂತೆ. ಮೊಟ್ಟೆ ಬಿಳಿ. ಕೆಳಗೊಂದು ಕಡೆ ಸಿಪ್ಪೆ ಎದ್ದಿತ್ತು.

“ತಡ ಮಾಡಿ ಹೋದ್ವಿ ಕಾಕಾ. ಅದಕ್ಕೇ ಬರ್ಲಿಲ್ಲ.”

ಅವರು ಒಳಗೆ ಫೋನಿನಲ್ಲಿ ಆಡಿಯೋ ಹಾಕಿದರು. ಅಪ್ಪನ ಮುಖಕ್ಕೇ ಕೇಳಿದ್ರು ಕಣೇ... ಆಕರ್ಷನ ಕೋಣೆಯಿಂದ ಬರುತ್ತಿದ್ದ ಅದೇ ದನಿ, ಅದೇ ಬಿಕ್ಕು. ಮುಗಿಯುವ ತನಕ ಕೇಳಿಸಿ ಮಾತಾಡಿದರು. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರು.

“ಈಕಿ ಕಣ್ಣೀಲೆ ಕಂಡಾಕಿ... ನೀವು ಓದಿದವ್ರು ಹೇಳೂದು ಬ್ಯಾರೆ. ಈಕೀನ ಬಂದು, ಹೋಗ್ ಕಾಕಾ, ಏನಾಗೂದಿಲ್ಲ ಅಂತ ಹೇಳಲಿ... ನಡಕೋಂತ ಹೋಗ್ತೀನಿ.”

ಇದಕ್ಕಿಂತ ಸರಳವಾದ ಷರತ್ತು ಯಾರೂ ಹಾಕಿರಲಿಕ್ಕಿಲ್ಲ.

ಆಕೆಯನ್ನು ನಾನು ಚಳಿಗಾಲವಿಡೀ ಹುಡುಕುತ್ತಿದ್ದೆ. ಮೆಟ್ಟಿಲು ಹತ್ತಿ ಹತ್ತಿ ಕೊನೆಯದರ ಹಿಂದಿನ ಮೆಟ್ಟಿಲಿಗೆ ಬಂದಿದ್ದೆ. ಆ ದೀಪದ ವಿಡಿಯೋ ಎಲ್ಲರಿಗಿಂತ ಮೊದಲು ಕಂಡದ್ದು ಒಬ್ಬನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ. ಹೆಸರು ದಿವಾಕರ. ಬೆಂಗಳೂರಿನವನು. ಲಾಕ್‌ಡೌನಿನಲ್ಲಿ ಕೆಲಸ ಹೋಯಿತು. ಆಮೇಲೆ ‘ಹಾಲೆಂಡ್ ಎಚ್ಚರಿಕೆ’ ಎಂಬ ಚಾನೆಲ್ ಶುರು ಮಾಡಿದ. ಊರಿಗೆಲ್ಲ ಅವನು ‘ಸರ್’. ಮೂರು ಸಲ ಫೋನ್ ಮಾಡಿದ್ದೆ. ಬ್ಲಾಕ್ ಮಾಡಿದ್ದ.

ಬಸವಂತಪ್ಪನವರು ಅವನ ಚಾನೆಲ್ಲಿನ ಭಕ್ತರು. ಮಗಳ ಫೋನಿಗೂ ಅದನ್ನು ಸೇರಿಸಿದ್ದರು. ಸ್ಪಂದನಾ ತೆರೆದು ತೋರಿಸಿದಳು. ಆಗತಾನೇ ಹಾಕಿದ ಫೋಟೋ. ಊರಂಚಿನ ಅದೇ ಹೆಪ್ಪುಗಟ್ಟಿದ ಕೆರೆ, ದಡದ ಬೆಂಚು, ಥರ್ಮಾಸಿನ ಕಾಫಿ. ಕೆಳಗೆ, ‘ಪ್ರಕೃತಿಯೇ ನಿಜವಾದ ವೈದ್ಯ.’

ತಾನೆಲ್ಲಿದ್ದೇನೆ ಎಂದು ಲೋಕಕ್ಕೆ ಹೇಳದೆ ಇರಲಾರದವನು. ನನ್ನಂಥವರಿಗೆ ಅನುಕೂಲ.

ಬೆಂಚಿನಲ್ಲೇ ಸಿಕ್ಕ. ಮೊದಲು ಬಹಳ ಮರ್ಯಾದೆ. ಕಾಫಿ ಕೊಡಲು ಬಂದ. ಆಕರ್ಷ್ ವಿಷಯ ಕೇಳಿ ಬೇಜಾರಾಯ್ತು ಅಂದ. ನಾನು ಕೂರಲಿಲ್ಲ. ದೀಪದ ವಿಡಿಯೋ ಎಲ್ಲಿಂದ ಬಂತು, ಅಳುತ್ತಿರುವುದು ಯಾರು ಎಂದು ಕೇಳಿದೆ. ಒಬ್ಬರ ಪ್ರಾಣ ಹೋಗುತ್ತಿದೆ ಎಂದೂ ಹೇಳಿದೆ.

ಮರ್ಯಾದೆ ಹೋಯಿತು.

“ಮೇಡಂ, ಗಂಡ ಹೋದ್ಮೇಲೆ ನೀವು ಇಲ್ಲಿರೋದೇ ಡೌಟು. ನಿಮ್ಮ ಪರ್ಮಿಟ್ ಅವ್ರ ಮೇಲಿತ್ತಲ್ವಾ? ಇಮಿಗ್ರೇಷನ್‌ಗೆ ಒಂದು ಮೇಲ್ ಹಾಕಿದ್ರೆ ಸಾಕು.”

“ಅವರ ಪರ್ಮಿಟ್ ನನ್ನ ಮೇಲಿತ್ತು,” ಎಂದೆ.

ಅವನಿಗೆ ಅದು ಹೊಳೆದಿರಲಿಲ್ಲ.

“ಪೂರ್ತಿ ಆಡಿಯೋ ಎಲ್ಲಿದೆ ದಿವಾಕರ್?”

ಇದು ಕತ್ತಲಲ್ಲಿ ಎಸೆದ ಕಲ್ಲು. ಪೂರ್ತಿ ಆಡಿಯೋ ಇದೆ ಎಂದು ನನಗೆ ಗೊತ್ತಿರಲಿಲ್ಲ. ಆದರೆ ಅವನ ಕೈ ತಾನಾಗಿಯೇ ಜೇಬಿನ ಫೋನಿಗೆ ಹೋಯಿತು.

ನಾನು ಅದನ್ನು ನೋಡಿದೆ. ನಾನು ನೋಡಿದ್ದನ್ನು ಅವನು ನೋಡಿದ.

ಓಡಿದ. ನೇರವಾಗಿ ಕೆರೆಯ ಮೇಲೆ.

ಈಗ ನಿಮಗೆ ನಾನು ಎಲ್ಲಿ ನಿಂತಿದ್ದೆ ಎಂಬುದು ಗೊತ್ತು.

“ಡಿಲೀಟ್ ಮಾಡ್ತೀನಿ,” ಎಂದು ಅವನು ಮತ್ತೊಮ್ಮೆ ಹೇಳಿದ. ಹಾಗನ್ನುತ್ತ ಒಂದು ಹೆಜ್ಜೆ ಹಿಂದಿಟ್ಟ. ಜೊಂಡಿನ ಕಡೆಗೆ.

ಕೆರೆ ಅವನನ್ನು ಸದ್ದಿಲ್ಲದೆ ನುಂಗಿತು. ಒಂದು ಕ್ಷಣದ ಹಿಂದೆ ನಿಂತಿದ್ದವನು ಎದೆಯವರೆಗೆ ಕಪ್ಪು ನೀರಿನಲ್ಲಿದ್ದ. ಒಂದು ಕೈ ಮಂಜಿನ ಅಂಚನ್ನು ಹಿಡಿಯಲು ಹೋಯಿತು. ಅಂಚು ಮುರಿಯಿತು. ಇನ್ನೊಂದು ಕೈ ಮೇಲೆಯೇ ಇತ್ತು. ಅದರಲ್ಲಿ ಫೋನ್. ಮುಳುಗುವಾಗಲೂ ಅದನ್ನು ಒದ್ದೆಯಾಗಲು ಬಿಡಲಿಲ್ಲ.

ನಾನು ಹೊಟ್ಟೆಯ ಮೇಲೆ ಮಲಗಿದೆ. ತೆವಳಿದೆ. ಸೈಕಲ್ಲಿಗೆ ಬೀಗ ಹಾಕುವ ಉದ್ದನೆಯ ಚೈನು ನನ್ನ ಭುಜಕ್ಕೆ ಅಡ್ಡ ಇತ್ತು. ಬಿಚ್ಚಿ ಕೈಗೆ ಸುತ್ತಿಕೊಂಡೆ.

“ಕೈ ಕೊಡಿ ಮೇಡಂ... ಕೈ...”

“ಫೋನ್ ಮೊದಲು.”

“ಸತ್ತುಹೋಗ್ತೀನಿ...”

“ಫೋನ್ ಮೊದಲು. ಚೈನು ಆಮೇಲೆ.”

ಅವನು ನನ್ನ ಮುಖ ನೋಡಿದ. ಅಲ್ಲಿ ಏನು ಕಂಡಿತೋ ತಿಳಿಯದು. ಫೋನನ್ನು ಮಂಜಿನ ಮೇಲೆ ಜಾರಿಸಿದ. ಅದು ಗಿರಗಿರ ತಿರುಗುತ್ತ ನನ್ನ ಮೊಣಕೈಗೆ ಬಂದು ತಾಗಿತು.

ಚೈನು ಎಸೆದೆ.

ಎಳೆದು ಮೇಲೆ ಹಾಕುವಾಗ ನನ್ನ ಅಂಗೈಯ ಚರ್ಮ ಹೋಯಿತು. ಅವನು ಮೀನಿನಂತೆ ಬಿದ್ದು ನಡುಗುತ್ತಿದ್ದ. ನೀಲಿ ತುಟಿ. ದೂರದಿಂದ ಇಬ್ಬರು ಡಚ್ಚರು ಏಣಿ ಹಿಡಿದು ಓಡಿ ಬರುತ್ತಿದ್ದರು. ಅವರು ಬರುವ ತನಕ ಅವನು ನನ್ನವನು.

“ಯಾಕೆ ಕಟ್ ಮಾಡಿದ್ರಿ?”

ಅವನ ಹಲ್ಲು ಕಟಕಟ ಅನ್ನುತ್ತಿತ್ತು.

“ಸ್ಟೇಟಸ್ಸು... ಮೂವತ್ತು ಸೆಕೆಂಡ್ ಅಷ್ಟೇ ತಗೊಳ್ಳೋದು.”

“ಏನು?”

“ಸ್ಟೇಟಸ್‌ಗೆ ಹಾಕ್ಬೇಕಿತ್ತು. ಪೂರ್ತಿ ಹಿಡಿಸ್ಲಿಲ್ಲ. ಅಳು ಇರೋ ಕಡೆ ಕಟ್ ಮಾಡಿ ಹಾಕ್ದೆ.” ಉಸಿರೆಳೆದ. “ನಾನು ಸುಳ್ಳು ಹೇಳಿಲ್ಲ ಮೇಡಂ. ಒಂದಕ್ಷರ ಸೇರಿಸಿಲ್ಲ.”

ನಿಜ. ಒಂದಕ್ಷರವನ್ನೂ ಸೇರಿಸಿರಲಿಲ್ಲ.

“ಉಳಿದದ್ರಲ್ಲಿ ಏನಿತ್ತು?”

“ನರ್ಸು... ಗಿರ್ಸು. ಯಾರು ಕೇಳ್ತಾರೆ ಅದನ್ನ?” ಅವನು ಕಣ್ಣು ಮುಚ್ಚಿಕೊಂಡ. “ಕೆಲ್ಸ ಹೋದ್ಮೇಲೆ ನಂಗೆ ಯಾರೂ ಫೋನ್ ಮಾಡ್ತಿರ್ಲಿಲ್ಲ. ಅದು ಹಾಕಿದ ದಿನ ಫೋನ್ ಮೇಲೆ ಫೋನು. ಸರ್ ಏನ್ ಮಾಡೋಣ, ಸರ್ ಹೋಗೋಣ್ವಾ ಬೇಡ್ವಾ... ಎಲ್ಲಾರೂ ನನ್ನೇ ಕೇಳೋರು.”

ಎಷ್ಟೋ ರಾತ್ರಿ ಇವನನ್ನು ಮನಸ್ಸಿನಲ್ಲೇ ಕಟ್ಟಿ ನಿಲ್ಲಿಸಿದ್ದೆ. ಪಿತೂರಿ ಇರುತ್ತದೆ ಅಂದುಕೊಂಡಿದ್ದೆ. ದ್ವೇಷ ಇರುತ್ತದೆ, ಯಾರದೋ ಕೈವಾಡ ಇರುತ್ತದೆ. ಇದ್ದದ್ದು ಒಬ್ಬ ಒಂಟಿ ಮನುಷ್ಯ ಮತ್ತು ಸ್ಟೇಟಸ್ಸಿನ ಅಳತೆ.

ಏಣಿಯವರು ಬಂದರು. ಒಬ್ಬ ತನ್ನ ಕೋಟು ಬಿಚ್ಚಿ ಅವನಿಗೆ ಹೊದಿಸಿದ. ದಿವಾಕರ ಫೋನಿಗಾಗಿ ಕೈ ಚಾಚಿದ. ನಾಳೆ ಕೊಡುತ್ತೇನೆ ಎಂದು ಹೇಳಿ ನಡೆದೆ.

ಪೂರ್ತಿ ಆಡಿಯೋ ಅವನ ಹೆಂಡತಿ ಕಳಿಸಿದ್ದ ಸಂದೇಶದಲ್ಲಿತ್ತು. ಜೊತೆಗೊಂದು ಸಾಲು, ‘ಪಾಪ, ನಮ್ಮ ವತ್ಸಲಾ ಡೆಲ್ಫ್ಟ್‌ನಿಂದ ಕಳಿಸಿದಾಳೆ.’ ಸೈಕಲ್ ಏರಿದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿದೆ. ಅಂಗೈಯ ರಕ್ತ ಹ್ಯಾಂಡಲ್ಲಿಗೆ ಅಂಟುತ್ತಿತ್ತು.

ಮೂವತ್ತು ಸೆಕೆಂಡು ದಾಟಿತು. ದನಿ ನಿಲ್ಲಲಿಲ್ಲ. ಮೂಗು ಒರೆಸಿಕೊಂಡ ಸದ್ದು. ಆಮೇಲೆ...

‘ಅವತ್ತು ಹಾಗೇ ಅನ್ನಿಸಿತ್ತು. ಆಮೇಲೆ ನರ್ಸ್ ನನ್ನ ಕೂರಿಸ್ಕೊಂಡು ಹೇಳಿದ್ಲು, ಎಲ್ಲರನ್ನೂ ಕೇಳ್ತೀವಮ್ಮಾ, ನಮ್ಮಮ್ಮನನ್ನೂ ಕೇಳಿದ್ರು ಅಂತ. ಎಲ್ಲಾ ಮಾಡಿ ಅಂದೆ. ಎಲ್ಲಾ ಮಾಡಿದ್ರು ಕಣೇ. ಅಪ್ಪಂಗೆ ಭಾಷೆ ಬರಲ್ಲ ಅಂತ ಕೈ ಹಿಡ್ಕೊಂಡು ಕೂರೋಳು ಆ ಹುಡುಗಿ. ನಾವೇ ತಡ ಮಾಡಿದ್ವಿ. ಮನೇಲೇ ವಾಸಿಯಾಗುತ್ತೆ ಅಂತ ಕಾಯ್ತಾ ಕೂತ್ವಿ. ನೋಡು, ಅಲ್ಲಿ ಯಾರಿಗಾದ್ರೂ ಉಸಿರು ಕಟ್ತಿದೆ ಅಂದ್ರೆ ಕಾಯ್ಬೇಡಿ ಅಂತ ಹೇಳು. ನಮ್ಮವ್ರಿಗೆಲ್ಲಾ ಹೇಳು. ಬೇಗ ಕರ್ಕೊಂಡು ಹೋಗ್ಲಿ. ದಮ್ಮಯ್ಯ.’

ಸೈಕಲ್ ನಿಲ್ಲಿಸಿದೆ.

ಆಕರ್ಷ್ ಎಂಬ ಮನುಷ್ಯ ಕೊನೆಯ ಸಲ ನಂಬಿದ ದನಿ ಅದು. ಅದು ಅವನಿಗೆ ಹೋಗು, ಬೇಗ ಹೋಗು ಎಂದು ಕಾಲು ಹಿಡಿಯುತ್ತಿತ್ತು.

ಹಿಂದಿನಿಂದ ಯಾರೋ ಬೆಲ್ ಬಾರಿಸಿದರು. ನಾನು ದಾರಿಯ ನಡುವೆ ನಿಂತಿದ್ದೆ. ಪಕ್ಕಕ್ಕೆ ಸರಿದು, ದಿವಾಕರನ ಫೋನಿನಲ್ಲಿದ್ದ ನಂಬರು ಹುಡುಕಿ ವತ್ಸಲಾಗೆ ಫೋನ್ ಮಾಡಿದೆ.

ಆಕೆ ವಿಶ್ವವಿದ್ಯಾಲಯದಲ್ಲಿ ನೀರಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಅಕ್ಟೋಬರಿನಲ್ಲಿ ಅಪ್ಪ ಹೋದ ಮೇಲೆ ಎಲ್ಲ ಗ್ರೂಪುಗಳನ್ನೂ ಬಿಟ್ಟಿದ್ದಳಂತೆ. ಯಾರ ಸಾಂತ್ವನವೂ ಬೇಡವಾಗಿತ್ತಂತೆ. ತನ್ನ ಅಳು ತನ್ನನ್ನು ಬಿಟ್ಟು ಊರೂರು ತಿರುಗುತ್ತಿರುವುದು ಅವಳಿಗೆ ಗೊತ್ತೇ ಇರಲಿಲ್ಲ. ನಾನು ಹೇಳಿದೆ. ಆದಷ್ಟು ಕಡಿಮೆ ಮಾತಿನಲ್ಲಿ ಹೇಳಿದೆ.

ಆ ಕಡೆ ಕುರ್ಚಿ ಎಳೆದ ಸದ್ದು ಕೇಳಿಸಿತು.

“ಅದನ್ನ ಕೇಳಿ... ಯಾರಾದ್ರೂ ಆಸ್ಪತ್ರೆಗೆ ಹೋಗದೇ...” ಅವಳಿಗೆ ಮುಗಿಸಲಾಗಲಿಲ್ಲ. “ಯಾರಾದ್ರೂ?”

ನಿಜ ಹುಡುಕುವುದು ನನ್ನ ಕೆಲಸ ಎಂದು ಆಗಲೇ ಹೇಳಿದೆ.

“ಇಲ್ಲ,” ಎಂದೆ. “ಯಾರೂ ಇಲ್ಲ.”

ಫ್ಲಾಟಿಗೆ ಬಂದಾಗ ಸ್ಪಂದನಾ ಬಾಗಿಲಿಗೆ ಹಣೆ ಒತ್ತಿ ಕೂತಿದ್ದಳು. ಒಳಗಿನ ಉಸಿರು ಈಗ ಹೊರಗಿನವರೆಗೂ ಕೇಳಿಸುತ್ತಿತ್ತು. ಗರಗಸದ ಸದ್ದಿನಂತೆ. ಆಂಬುಲೆನ್ಸಿಗೆ ಫೋನ್ ಮಾಡು ಎಂದೆ. ಅವರು ಬರುವ ಹೊತ್ತಿಗೆ ಈ ಬಾಗಿಲು ತೆರೆದಿರಬೇಕು.

ಫೋನನ್ನು ಸ್ಪೀಕರಿಗೆ ಹಾಕಿ ಕೀಲಿಯ ತೂತಿಗೆ ಹಿಡಿದೆ.

“ಕಾಕಾ, ನನ್ನ ಹೆಸರು ವತ್ಸಲಾ. ಆ ಆಡಿಯೋದಲ್ಲಿ ಇರೋಳು ನಾನೇ. ಅದು ಅರ್ಧ ಮಾತ್ರ ಕಾಕಾ. ನೀವು ಆಸ್ಪತ್ರೆಗೆ ಹೋಗಿ.”

ಒಳಗಿಂದ, “ಸುಳ್ಳು... ಯಾರ ಕಡಿಂದರ ಹೇಳಸಾಕತ್ತೀರಿ ನೀವು.”

“ನಾನೇ ಕಾಕಾ.”

“ಹಂಗಾದ್ರ ಅಳು.” ಉಸಿರು. “ಆ ಅಳು ನಾ... ಗುರ್ತ ಹಿಡೀತೀನಿ.”

ಸ್ಪಂದನಾ ನನ್ನ ತೋಳು ಹಿಡಿದಳು. ಸತ್ತ ಅಪ್ಪನಿಗಾಗಿ ಅತ್ತವಳನ್ನು ಇನ್ನೊಮ್ಮೆ ಅತ್ತು ತೋರಿಸು ಎಂದು ಹೇಗೆ ಕೇಳುವುದು?

ಕೇಳಬೇಕಾಗಲಿಲ್ಲ. ಅವಳು ನಟಿಸಬೇಕಾಗಿಯೂ ಇರಲಿಲ್ಲ. ಫೋನ್ ಎತ್ತಿದಾಗಿನಿಂದ ತಡೆದಿದ್ದುದು ಒಡೆಯಿತು. ಅದೇ ಬಿಕ್ಕು. ಎರಡನೇ ಉಸಿರಿಗೆ ಸಿಕ್ಕಿಕೊಳ್ಳುವ ಅದೇ ತೊಡಕು. ನನ್ನ ಮನೆಯ ಗೋಡೆಗಳಿಗೂ ಗೊತ್ತಿದ್ದ ಅಳು. ನಡುನಡುವೆ ಅವಳು ಒಂದೇ ಮಾತು ಹೇಳುತ್ತಿದ್ದಳು. ಕಾಯ್ಬೇಡಿ ಕಾಕಾ. ನಾವು ಕಾದು ಕೆಟ್ವಿ.

ಕೀಲಿ ತಿರುಗಿತು.

ಬಸವಂತಪ್ಪನವರು ಚೌಕಟ್ಟು ಹಿಡಿದು ನಿಂತಿದ್ದರು. ಬೂದಿ ಬಣ್ಣದ ಮುಖ. ಶರ್ಟಿನ ಗುಂಡಿ ಕತ್ತಿನವರೆಗೆ ಹಾಕಿಕೊಂಡಿದ್ದರು. ನನ್ನನ್ನೂ ಮಗಳನ್ನೂ ಬಿಟ್ಟು ಫೋನಿನ ಕಡೆ ನೋಡಿ ಹೇಳಿದರು.

“ಸಾಕವ್ವಾ. ಅಳಬ್ಯಾಡ. ಹೊಂಟೆ.”

ಆಸ್ಪತ್ರೆಯೊಳಗೆ ನಮ್ಮನ್ನು ಬಿಡಲಿಲ್ಲ. ಪಾರ್ಕಿಂಗಿನಲ್ಲಿ ನಿಂತೆವು. ಕತ್ತಲಾಗುವ ಮುನ್ನ ವಾರ್ಡಿನಿಂದ ವಿಡಿಯೋ ಕಾಲ್ ಬಂತು. ಮಾಸ್ಕಿನ ಮೇಲೆ ಎರಡು ಕಣ್ಣು, ಯುವ ಡಾಕ್ಟರ್. ಪಕ್ಕದಲ್ಲಿ ಆಮ್ಲಜನಕದ ನಳಿಗೆ ಹಾಕಿದ ಬಸವಂತಪ್ಪ. ಡಾಕ್ಟರ್ ಇಂಗ್ಲಿಷಿನಲ್ಲಿ ನಯವಾಗಿ ಹೇಳಿದಳು. ಎಲ್ಲರನ್ನೂ ಕೇಳುವ ಒಂದು ಪ್ರಶ್ನೆ ಇದೆ. ಅವರ ಭಾಷೆಯಲ್ಲಿ ಕೇಳುವಿರಾ?

ಸ್ಪಂದನಾ ಫೋನನ್ನು ನನ್ನ ಕೈಗೆ ತುರುಕಿದಳು.

“ನನ್ನ ಬಾಯಲ್ಲಿ ಬರಲ್ಲ. ನೀನು ಕೇಳೇ.”

ಆಕರ್ಷನನ್ನು ಈ ಪ್ರಶ್ನೆ ಯಾರೂ ಕೇಳಲಿಲ್ಲ. ಅವನು ಹೆದರಿದ್ದು ಇದೊಂದಕ್ಕೇ. ಅವನನ್ನು ಕರೆದೊಯ್ಯುವ ಹೊತ್ತಿಗೆ ಅವನಿಗೆ ಎಚ್ಚರವಿರಲಿಲ್ಲ. ಹಾಗಾಗಿ ನನ್ನನ್ನು ಕೇಳಿದರು. ನಾನು ಏನು ಹೇಳಿದೆ ಎಂಬುದು ನನ್ನ ಹತ್ತಿರವೇ ಇರಲಿ.

ಈಗ ಕನ್ನಡದಲ್ಲಿ ಕೇಳಿದೆ. ಕಾಕಾ, ನಿಮ್ಮ ಹೃದಯ ನಿಂತರೆ ಮತ್ತೆ ನಡೆಸಲು ನೋಡಬೇಕೋ, ಬಿಡಬೇಕೋ? ಉಸಿರಿಗೆ ಮೆಷಿನ್ ಬೇಕಾದರೆ ಹಾಕಬೇಕೋ, ಬೇಡವೋ?

ಅವರು ಯೋಚಿಸಿದರು. ಹುಡುಗರ ಓಟ ನೋಡುವ ಮಾಸ್ತರರ ಹಾಗೆ ಹುಬ್ಬು ಗಂಟಿಕ್ಕಿ.

“ಆ ಡಾಕ್ಟರ್ ಬಾಯಿಯವ್ರನ್ನೂ... ಯಾರರ ಕೇಳ್ಯಾರೇನು ಇದನ್ನ?”

ಅನುವಾದಿಸಿದೆ. ಡಾಕ್ಟರಮ್ಮನ ಕಣ್ಣುಗಳು ಚಿಕ್ಕವಾದವು. ನಕ್ಕಿರಬೇಕು. ಹೌದು, ನಾನು ನನ್ನದನ್ನೂ ಹೇಳಿಟ್ಟಿದ್ದೇನೆ ಎಂದಳು.

“ಹಂಗಾದ್ರ ನಡೀತದ. ಎಲ್ಲಾ ಮಾಡ್ರಿ ಅಂತ ಹೇಳು.”

ಎಲ್ಲ ಮಾಡಿದರು.

ಬಸವಂತಪ್ಪ ಉಳಿದರು. ಮೆಷಿನ್ ಬೇಕಾಗಲಿಲ್ಲ. ಐಸ್ ಕರಗಿ ಕೆರೆ ನೀರಾದ ಮೇಲೆ ಮನೆಗೆ ಬಂದರು. ತೂಕ ಇಳಿದಿತ್ತು. ಕಂಠ ಇಳಿದಿರಲಿಲ್ಲ. ದಿವಾಕರನ ಚಾನೆಲ್ ಮುಚ್ಚಿತು. ಅವನ ಫೋನ್ ಹಿಂದಿರುಗಿಸುವಾಗ ಅವನ ಹೆಂಡತಿ ಬಾಗಿಲು ತೆರೆದಳು, ನನ್ನ ಮುಖ ನೋಡಲಿಲ್ಲ. ವತ್ಸಲಾಳ ಪೂರ್ತಿ ಆಡಿಯೋವನ್ನು ಅವಳ ಒಪ್ಪಿಗೆ ಪಡೆದು ನಾನು ಎಲ್ಲ ಗ್ರೂಪುಗಳಿಗೂ ಹಾಕಿದೆ. ಜನ ಕೈ ಮುಗಿದ ಚಿತ್ರ ಒತ್ತಿದರು. ಮುಂದಕ್ಕೆ ಕಳಿಸಿದವರು ಕಡಿಮೆ. ಅದರಲ್ಲಿ ಭಯಪಡುವಂಥದ್ದೇನೂ ಇರಲಿಲ್ಲ.

ಮಾರ್ಚಿನಲ್ಲಿ ಒಂದು ಸಂಜೆ ನನ್ನ ಫೋನ್ ಮಿನುಗಿತು.

ಫಾರ್ವರ್ಡ್. ಬಸವಂತಪ್ಪನವರದೇ ಫೋಟೋ, ಕುರ್ಚಿಯಲ್ಲಿ ನಗುತ್ತ ಕೂತದ್ದು. ಊರಿನ ನೆಂಟರಿಗೆ ಕಳಿಸಿದ್ದು ಯಾರ ಕೈಯಿಂದಲೋ ಹಾದು ಬಂದಿತ್ತು. ಕೆಳಗೆ ಬರೆದಿತ್ತು. ಬಾಗಲಕೋಟೆಯ ಮಾಸ್ತರರು ಶುಂಠಿ, ಮೆಣಸು, ಅಮೃತಬಳ್ಳಿಯ ಕಷಾಯ ಕುಡಿದು ಕೊರೋನಾ ಗೆದ್ದರು, ಹಾಲೆಂಡಿನ ಡಾಕ್ಟರುಗಳೇ ಬೆರಗಾದರು, ಎಲ್ಲರಿಗೂ ತಲುಪಿಸಿ.

ಇದರ ಮೂಲ ಹುಡುಕುವುದು ನನಗೆ ಒಂದು ಮಧ್ಯಾಹ್ನದ ಕೆಲಸ. ಇದನ್ನು ನಂಬಿ ಮನೆಯಲ್ಲಿ ಕೂರುವವರು ಯಾರೆಂಬುದೂ ನನಗೆ ಗೊತ್ತು.

ಕಳಿಸಿದವರ ಹೆಸರು ನೋಡಿದೆ. ಇಂದಿರಮ್ಮ, ಮೈಸೂರು. ಆಕರ್ಷನ ಅಮ್ಮ. ಮಗನ ಮುಖವನ್ನು ಕೊನೆಯ ಸಲ ಅವರು ನೋಡಿದ್ದು ನಾನು ಹಿಡಿದ ಫೋನಿನಲ್ಲಿ.

ಕೆಳಗೆ ಅವರದೇ ಎರಡು ಸಾಲು ಇತ್ತು.

‘ನಾನು ಅಲ್ಲಿದ್ದಿದ್ರೆ ಇದನ್ನ ಮಾಡಿ ಕುಡಿಸ್ತಿದ್ದೆ ಕಣಮ್ಮ. ನನ್ನ ಮಗು ಉಳೀತಿತ್ತು ಅಲ್ವಾ?’

ಟೈಪ್ ಮಾಡಲು ತೊಡಗಿದೆ. ಇಲ್ಲ ಅತ್ತೆ, ಇದು ಸುಳ್ಳು ಸುದ್ದಿ. ಆಕ್ಸಿಜನ್, ಸ್ಟೆರಾಯ್ಡ್, ಸಮಯಕ್ಕೆ ಸರಿಯಾಗಿ ಹೋದದ್ದು... ಎಲ್ಲ ಬರೆದೆ. ಎಲ್ಲ ನಿಜ. ಓದಿದೆ.

ಅಳಿಸಿದೆ.

‘ಹೌದು ಅತ್ತೆ,’ ಎಂದು ಕಳಿಸಿದೆ.